ಹೊಗೆ ಬಳಿಯುವ ಪ್ರುದೆಂಜಾ

ನೇಪಲ್ಸಿನ ಓಣಿಗಳಲ್ಲಿ ಪ್ರುದೆಂಜಾ ಚಿತ್ರದಲ್ಲಿ ಬರೆದಂಥ ಹೊಗೆಯನ್ನು ಇನ್ನೊಬ್ಬರು ಬರೆಯುತ್ತಿರಲಿಲ್ಲ. ಊರ ಪಕ್ಕದ ಬೆಟ್ಟ ಬೆಂಕಿ ಉಗುಳಿದ ವರ್ಷ, ಆರರ ಹುಡುಗಿಯಾಗಿದ್ದಾಗ, ಮೂರು ದಿನ ಬೂದಿಯಲ್ಲೇ ಉಸಿರಾಡಿದವಳು ಅವಳು. ಅಪ್ಪ ಸತ್ತ ಮೇಲೆ ಚಿತ್ರಶಾಲೆ ಅವಳ ಕೈಗೆ ಬಂತು. ಗುಡ್ಡ, ಆಕಾಶ, ಹೊಗೆ ಅವಳ ಪಾಲು; ಕುದುರೆ, ಸೈನಿಕರು, ಹೆಣಗಳು ಜೊತೆಯ ಚಿತ್ರಕಾರ ಒನೋಫ್ರಿಯೊನ ಪಾಲು. ಅವನು ಉತ್ತರದ ಲೊಂಬಾರ್ದಿಯಾದ ಯುದ್ಧದಿಂದ ಕುಂಟಿಕೊಂಡು ಬಂದವನು. ಅವನು ಬರೆದ ಕಾಳಗಗಳನ್ನು ಊಟದ ಕೋಣೆಗೆ ತೂಗುಹಾಕಲು ದೊಡ್ಡ ಮನೆಯವರು ಮುಗಿಬೀಳುತ್ತಿದ್ದರು. ರಕ್ತ ಕಂಡರೆ ಅವರಿಗೆ ಹಸಿವು ಹೆಚ್ಚುತ್ತಿತ್ತೋ ಏನೋ.

ಅದೇ ಯುದ್ಧಕ್ಕೆ ಹೋದ ಅವಳ ಗಂಡ ಸಬಾತಿನೊ ಹಿಂತಿರುಗಿರಲಿಲ್ಲ. ಸತ್ತ ಸುದ್ದಿಯೂ ಬಂದಿರಲಿಲ್ಲ. ಒನೋಫ್ರಿಯೊನನ್ನು ಕೇಳಿದರೆ, ಸಾವಿರಾರು ಜನರಲ್ಲಿ ಯಾರು ಯಾರನ್ನು ಕಂಡರು ಅಂದಿದ್ದ. ಬದುಕಿರಬಹುದಾದವನಿಗೆ ಸತ್ತವರ ಪೂಜೆ ಮಾಡಲು ಪಾದ್ರಿ ಒಪ್ಪಲಿಲ್ಲ. ಆರು ವರ್ಷ ಅವಳು ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಸತ್ತೇ ಹೋಗಿದ್ದರೆ ಪ್ರಾರ್ಥನೆಯಿಲ್ಲದೆ ಅವನ ಆತ್ಮ ಬೆಂಕಿಯಲ್ಲಿ ಬೇಯುತ್ತಿದೆಯಲ್ಲ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಒನೋಫ್ರಿಯೊ ಪ್ರತಿ ಚಿತ್ರದ ಎಡಮೂಲೆಗೆ ತಾನೇ ಬೂದುಬಣ್ಣ ಬಳಿದು, ಇಲ್ಲಿ ಹೊಗೆ ದಟ್ಟವಾಗಿರಲಿ ಅನ್ನುತ್ತಿದ್ದ. ಅಲ್ಲಿ ಕುಂಚ ಆಡಿಸುವಾಗಲೆಲ್ಲ ಒಳಗಿಂದ ಯಾರೋ ನೋಡುತ್ತಿರುವಂತೆ ಅವಳಿಗೆ ಅನ್ನಿಸುತ್ತಿತ್ತು.

ಒಮ್ಮೆ ಚಿತ್ರ ಮಾಡಿಸಿದ ವಕೀಲನೊಬ್ಬ ಬಂದು ಎಡಮೂಲೆಯ ಹೊಗೆ ನೋಡಿ ಮುಖ ಸಿಂಡರಿಸಿದ. "ಕಿಟಕಿ ತೆಗೆದ್ರೆ ಬೆಟ್ಟದ ಮೇಲೇ ಬೇಕಾದಷ್ಟು ಹೊಗೆ ಐತಮ್ಮ. ನಂಗೆ ಯುದ್ಧ ಕಾಣ್ಬೇಕು."

ಒನೋಫ್ರಿಯೊ ಮೀನು ತರಲು ಹೋಗಿದ್ದ. ಪ್ರುದೆಂಜಾ ಎಣ್ಣೆಬಟ್ಟೆಯಿಂದ ಆ ಮೂಲೆ ಒರೆಸಿದಳು. ಹಸಿ ಹೊಗೆಯೂ ಅದರಡಿಯ ಹಸಿ ಬೂದುಬಣ್ಣವೂ ಸುಲಭವಾಗಿ ಎದ್ದುಬಂದವು. ಕೆಳಗೆ, ಒಣಗಿದ ಬಣ್ಣದಲ್ಲಿ, ಬಿದ್ದ ಸೈನಿಕನೊಬ್ಬ ಕೈ ಚಾಚಿದ್ದ. ನೀಲಿ ಅಂಗಿಯ ಮೊಣಕೈಗೆ ಹಳದಿ ತೇಪೆ, ಸೊಟ್ಟ ಹೊಲಿಗೆ. ಅವಳ ಮದುವೆಯ ಲಂಗದ ತುಂಡು ಅದು, ಗಂಡ ಯುದ್ಧಕ್ಕೆ ಹೊರಟಾಗ ಅವಳೇ ಹೊಲಿದದ್ದು. ಕುಂಚದ ಕೈಗೆ ಸೂಜಿ ಒಲಿಯೋಲ್ಲ ಎಂದು ಸಬಾತಿನೊ ನಕ್ಕಿದ್ದ.

ಮೀನು ಹಿಡಿದು ಬಂದ ಒನೋಫ್ರಿಯೊ ಬಾಗಿಲಲ್ಲೇ ನಿಂತುಬಿಟ್ಟ.

"ಎಲ್ಲಾ ಚಿತ್ರದಲ್ಲೂ ಇದಾನಾ?" ಎಂದಳು.

"ಎಲ್ಲದ್ರಲ್ಲೂ. ಬರೀದಿದ್ರೆ ಕನಸಲ್ಲಿ ಬರ್ತಾನೆ. ಬರೆದ್ರೆ ನೋಡಕ್ಕಾಗಲ್ಲ."

"ನೀನು ಕಂಡಾಗ ಸತ್ತಿದ್ನಾ?"

"ಇಲ್ಲ. ನನ್ನ ಹೆಸರು ಹಿಡ್ದು ಕರೆದ. ಇದ್ದಿದ್ದು ಒಂದೇ ಕುದುರೆ, ಅದೂ ಅವಂದೇ. ನಾನು ಹತ್ತಿ ಬಂದ್ಬಿಟ್ಟೆ. ತಿರುಗಿ ನೋಡಿದ್ರೆ ಶತ್ರುಗಳ ಕುದುರೆದಂಡು ಅವನ ಮೇಲೇ ಹಾದುಹೋಗಿತ್ತು."

ಅವಳು ಕೂಗಾಡಲಿಲ್ಲ. "ಆರು ವರ್ಷ ನನ್ನ ಕೈಲೇ ಅವನ್ನ ಮುಚ್ಚಿಸಿದ್ಯಲ್ಲೋ" ಅಂದಳು, ಅಷ್ಟೇ.

ಮರುದಿನ ಒನೋಫ್ರಿಯೊ ಸಬಾತಿನೊ ಸತ್ತನೆಂದು ಪಾದ್ರಿಯ ಮುಂದೆ ಸಾಕ್ಷಿ ಹೇಳಿದ. ಪ್ರುದೆಂಜಾ ವಿಧವೆಯ ಕಪ್ಪು ಉಟ್ಟಳು, ಪೂಜೆ ಮಾಡಿಸಿದಳು. ಚಿತ್ರ ಒಯ್ದಿದ್ದ ವಕೀಲ ವಾರ ಕಳೆದು ಮತ್ತೆ ಬಂದ. ಊಟಕ್ಕೆ ಕೂತರೆ ಮೂಲೆಯ ಸೈನಿಕ ತುತ್ತು ಎತ್ತಲು ಬಿಡುತ್ತಿಲ್ಲ, ಸ್ವಲ್ಪ ಹೊಗೆ ಹಾಕಿಕೊಡಿ ಎಂದು ಗೋಗರೆದ. ಅವಳು ಆಗೋದಿಲ್ಲ ಅಂದಳು, ಆಮೇಲೆ ಯಾರಿಗೂ ಹೊಗೆ ಬರೆಯಲಿಲ್ಲ. ಉಳಿದ ಮೂವತ್ತು ಚಿತ್ರಗಳು ಊರಿನ ಮನೆಮನೆಯಲ್ಲಿ ಆಗಲೇ ಒಣಗಿ, ಒರೆಸಲಾಗದಷ್ಟು ಗಟ್ಟಿಯಾಗಿದ್ದವು. ಅವುಗಳಲ್ಲಿ ಸಬಾತಿನೊ ಇನ್ನೂ ಕೈ ಚಾಚಿಕೊಂಡು ಅವಳ ಹೊಗೆಯ ಕೆಳಗೇ ಇದ್ದ.