ರಕ್ತ ಬರುವ ಕಡೆ ಉಜ್ಜಬಾರದು

ಅಕ್ಕನ ವಸಡಿನಲ್ಲಿ ರಕ್ತ ಬರಲು ಶುರುವಾದದ್ದು ಅವಳು ಹೈಸ್ಕೂಲಿನಲ್ಲಿದ್ದಾಗ. ಮೇಲೂರಿನ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು ಇಬ್ಬರೂ ಹಲ್ಲುಜ್ಜುತ್ತಿದ್ದೆವು. ನಾನು ಉಗುಳಿದ್ದು ಬೆಳ್ಳಗಿರುತ್ತಿತ್ತು, ಅವಳದು ಕೆಂಪಗೆ. ಅದನ್ನು ನೋಡಿದ ದಿನ ಅಮ್ಮ ಒಂದು ನಿಯಮ ಮಾಡಿದಳು: ರಕ್ತ ಬರುವ ಕಡೆ ಉಜ್ಜಬಾರದು.

"ಗಾಯ ಆದ ಜಾಗಾನ ಯಾರಾದ್ರೂ ಕೆರೀತಾರೇನೇ? ಸುಮ್ನೆ ಬಿಡು, ತಾನೇ ಮಾಯುತ್ತೆ."

ಹಾಗೆಂದು ಅವಳು ಸುಮ್ಮನೆ ಕೂರಲಿಲ್ಲ. ದಿನಾ ಬೆಳಿಗ್ಗೆ ಜಾಲಿ ಮರದ ಚಕ್ಕೆ ಕುದಿಸಿ, ಸೋಸಿ, ಬಾಯಿ ಮುಕ್ಕಳಿಸಲು ಅಕ್ಕನಿಗೆ ಕೊಡುತ್ತಿದ್ದಳು. ಉಷ್ಣವೆಂದು ಮಾವಿನಹಣ್ಣು ನಿಲ್ಲಿಸಿದಳು. ಸೀಬೆಹಣ್ಣು ತಂದರೆ ನನಗೆ ಇಡಿಯದು, ಅಕ್ಕನಿಗೆ ಸಣ್ಣಗೆ ಹೆಚ್ಚಿದ ಹೋಳುಗಳು. ಹಲ್ಲುಪುಡಿಯನ್ನು ಅಕ್ಕ ಮೇಲಿನ ಸಾಲಿನ ಮುಂದಿನ ಹಲ್ಲುಗಳಿಗೆ ಮಾತ್ರ ಸವರಿಕೊಳ್ಳುತ್ತಿದ್ದಳು. ಉಳಿದ ಕಡೆಯೆಲ್ಲ ಬರೀ ಕಷಾಯ. ಹೀಗೆ ವರ್ಷಗಳು ಹೋದವು. ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವುದು ಅವಳಿಗೆ ಅಭ್ಯಾಸವಾಯಿತು. ಅದು ಅವಳ ನಾಚಿಕೆಯ ಸ್ವಭಾವವೆಂದೇ ನಾವೆಲ್ಲ ತಿಳಿದುಕೊಂಡಿದ್ದೆವು.

ತೊಂಬತ್ತರ ದಶಕದ ಮೊದಲ ವರ್ಷಗಳಿರಬೇಕು, ನಾನು ಶಿಡ್ಲಘಟ್ಟಕ್ಕೆ ಕಾಲೇಜಿಗೆ ಹೋಗುತ್ತಿದ್ದೆ. ಒಂದು ಸಂಜೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಅಕ್ಕ ನನ್ನ ಬೆರಳನ್ನು ಹಿಡಿದು ತನ್ನ ಕೆಳಗಿನ ಮುಂದಿನ ಹಲ್ಲಿನ ಮೇಲಿಟ್ಟಳು.

"ಅಲ್ಲಾಡುತ್ತೆ ಕಣೇ. ನಂದೂ ಅಮ್ಮನ ಥರಾನೇ ಆಗೋಗುತ್ತೆ."

ಅಮ್ಮನ ಹಲ್ಲುಗಳೆಲ್ಲ ನಲವತ್ತು ತುಂಬುವ ಮೊದಲೇ ಹೋಗಿದ್ದವು. ಕಟ್ಟಿಸಿದ ಹಲ್ಲುಗಳನ್ನು ಅವಳು ಗೋಡೆಯ ಕಡೆ ತಿರುಗಿ ತೊಳೆಯುತ್ತಿದ್ದಳು. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಅಕ್ಕನಿಗೆ ಆಗ ಇಪ್ಪತ್ತಮೂರು.

ಚಿಕ್ಕಬಳ್ಳಾಪುರದಲ್ಲಿ ಹಲ್ಲಿನ ಡಾಕ್ಟರಮ್ಮ ಒಬ್ಬರಿದ್ದಾರೆಂದು ಗೊತ್ತಾದಾಗ, ಹುಳು ಜ್ವರಕ್ಕೆ ಕೂರಲಿ ಎಂದು ಕಾದೆವು. ರೇಷ್ಮೆಹುಳು ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಒಂದು ದಿನ ಮಾತ್ರ ಮನೆಯ ಹೆಂಗಸರು ಮೂವರೂ ಒಟ್ಟಿಗೆ ಹೊರಗೆ ಹೋಗಬಹುದಿತ್ತು.

ಹಲ್ಲು ಕೀಳುತ್ತಾರೆಂದೇ ಮೂವರೂ ನಂಬಿದ್ದೆವು. ಅಮ್ಮ ಹಳೆಯ ಪಂಚೆಯ ತುಂಡುಗಳನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದಳು. ಆದರೆ ಡಾಕ್ಟರಮ್ಮ ಇಕ್ಕಳ ಹಿಡಿಯಲಿಲ್ಲ. ಮೊದಲು ಬರೀ ಪ್ರಶ್ನೆಗಳನ್ನು ಕೇಳಿದರು. ಎಷ್ಟು ದಿನದಿಂದ ರಕ್ತ ಬರುತ್ತಿದೆ, ಸಕ್ಕರೆ ಕಾಯಿಲೆ ಇದೆಯೇ, ಹೊಗೆಸೊಪ್ಪು ಹಾಕುತ್ತೀರಾ. ಆಮೇಲೆ ಪುಟ್ಟ ಕನ್ನಡಿಯೊಂದನ್ನು ಬಾಯೊಳಗಿಟ್ಟು, ಕಪ್ಪು ಗೆರೆಗಳಿದ್ದ ತೆಳ್ಳನೆಯ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿದರು. ಒಂದೊಂದು ಹಲ್ಲಿನ ಸುತ್ತಲೂ ಹಾಗೆ ಇಳಿಸಿ ಒಂದೊಂದು ಅಂಕಿ ಹೇಳುತ್ತಿದ್ದರು. ಪಕ್ಕದಲ್ಲಿ ನಿಂತ ಹುಡುಗಿ ಬರೆದುಕೊಳ್ಳುತ್ತಿದ್ದಳು.

"ಮೂರು, ನಾಲ್ಕು, ಐದು. ಐದು, ಆರು, ಐದು."

ಅಮ್ಮ ನನ್ನ ಮೊಣಕೈ ಹಿಡಿದಳು. "ಅಯ್ಯೋ ದೇವುಡಾ, ಇಷ್ಟೊಂದು ಕೀಳ್ತಾರಾ? ಅವಳ ಬಾಯಲ್ಲಿ ಅಷ್ಟು ಹಲ್ಲೇ ಇಲ್ವಲ್ಲೇ."

ಅದು ಡಾಕ್ಟರಮ್ಮನಿಗೆ ಕೇಳಿಸಿತು. ಬಾಯಿ ತೆರೆದುಕೊಂಡೇ ಅಕ್ಕ ನಕ್ಕಳು. ಕುರ್ಚಿಯಲ್ಲಿ ಒರಗಿದ್ದುದರಿಂದ ಸೆರಗು ಅಡ್ಡ ಬರಲಿಲ್ಲ.

"ಯಾವುದೂ ಕೀಳಲ್ಲಮ್ಮ, ಅಳತೆ ನೋಡ್ತಿದೀನಿ" ಎಂದು ಅವರು ಕಡ್ಡಿಯನ್ನು ಅಮ್ಮನಿಗೆ ತೋರಿಸಿದರು. "ವಸಡು ಹಲ್ಲನ್ನ ಗಟ್ಟಿಯಾಗಿ ಹಿಡ್ಕೊಂಡಿದ್ರೆ ಇದು ಎರಡೋ ಮೂರೋ ಮಿಲಿಮೀಟರಿಗೆ ನಿಲ್ಲುತ್ತೆ. ಅದಕ್ಕಿಂತ ಕೆಳಗೆ ಹೋದ್ರೆ ಒಳಗೆ ಜೇಬಿನ ಥರ ಆಗಿ ಕೊಳೆ ಕೂತಿದೆ ಅಂತ ಅರ್ಥ."

ಎರಡು ಸಲಕರಣೆಗಳ ಹಿಡಿಗಳ ನಡುವೆ ಕೆಳಗಿನ ಹಲ್ಲನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಅದರ ಬೇರಿನ ಸುತ್ತ ಮೂಳೆ ಸ್ವಲ್ಪ ಕರಗಿರಬೇಕು ಎಂದರು. ಬಟ್ಟಲಿನಲ್ಲಿ ಕೆಂಪಾದ ಹತ್ತಿಯ ಉಂಡೆಗಳಿದ್ದವು.

"ಮೇಲಿನ ಸಾಲಲ್ಲಿ ಮುಂದಿನ ಹಲ್ಲು ಮಾತ್ರ ಕ್ಲೀನಾಗಿವೆ. ಉಳಿದ ಕಡೆ ಉಜ್ಜೋದೇ ಇಲ್ವಾ?"

"ರಕ್ತ ಬರುತ್ತೆ ಮೇಡಂ."

"ಕೊಳೆ ಕೂತಿರೋದಕ್ಕೇ ರಕ್ತ ಬರೋದು. ಮೆತ್ತನೆ ಬ್ರಷ್ ತಗೊಂಡು ಅಲ್ಲೇ ಉಜ್ಜಬೇಕು. ಉಜ್ಜಬೇಡ ಅಂತ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ" ಎಂದಳು ಅಕ್ಕ, ತಕ್ಷಣ. "ನಾನೇ. ನೋಯುತ್ತೆ ಅಂತ."

ಅಮ್ಮ ಎದ್ದು ನಿಂತಳು. "ನಾನಮ್ಮ" ಎಂದಳು. ಯಾರೂ ಕೇಳದಿದ್ದರೂ, "ನಂದೂ ಹೀಗೇ ಹೋಯ್ತು. ನಮ್ಮಮ್ಮ ನಂಗೂ ಅದೇ ಹೇಳಿದ್ಲು" ಎಂದಳು.

ಅಮ್ಮ ತನ್ನ ಹಲ್ಲಿನ ಬಗ್ಗೆ ಇನ್ನೊಬ್ಬರ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೆಲವು ಮನೆತನಗಳಲ್ಲಿ ವಸಡು ಬೇಗ ಸೋಲುತ್ತದೆ, ಎಲ್ಲವೂ ಉಜ್ಜದಿದ್ದುದರಿಂದಲೇ ಆದದ್ದಲ್ಲ ಎಂದು ಡಾಕ್ಟರಮ್ಮ ಸಮಾಧಾನದ ದನಿಯಲ್ಲಿ ಹೇಳಿದರು. ಅದು ಅಮ್ಮನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವಳು ಹತ್ತಿಯ ಬಟ್ಟಲನ್ನೇ ನೋಡುತ್ತಿದ್ದಳು.

ಮನೆತನದ್ದೂ ಇರಬಹುದಾದ್ದರಿಂದ ನನ್ನನ್ನೂ ಕೂರಿಸಿದರು. ಕಡ್ಡಿ ಇಳಿದಾಗ ಚುಚ್ಚಿದ ಹಾಗಾಯಿತೇ ಹೊರತು ನೋಯಲಿಲ್ಲ.

"ಎರಡು, ಎರಡು, ಎರಡು. ಎರಡು, ಮೂರು, ಎರಡು."

ಬರೆಯುವ ಹುಡುಗಿ ಆಕಳಿಸಿದಳು. ನಾನು ತಲೆಯ ಮೇಲಿನ ದೀಪವನ್ನು ನೋಡುತ್ತ, ಒಂದಾದರೂ ಐದು ಬರಲಿ ಎಂದು ಕಾಯುತ್ತಿದ್ದೆ. ಅದೇ ತಾಯಿ, ಅದೇ ಹಿತ್ತಲು, ಅದೇ ಹಲ್ಲುಪುಡಿಯ ಡಬ್ಬಿ. ನನ್ನದು ಕೆಂಪಾಗದಿದ್ದುದರಿಂದ ನನಗೆ ಯಾರೂ ಕಷಾಯ ಕುದಿಸಿರಲಿಲ್ಲ, ಯಾರೂ ಉಜ್ಜಬೇಡ ಎಂದಿರಲಿಲ್ಲ. ಯಾರ ಗಮನವೂ ಇಲ್ಲದೆ ಉಳಿದುಕೊಂಡ ಹಲ್ಲುಗಳು ಅವು. ಒಂದೊಂದು 'ಎರಡು' ಕೇಳಿಸಿದಾಗಲೂ ಅಕ್ಕನಿಂದ ಏನನ್ನೋ ಕಿತ್ತುಕೊಂಡೆನೇನೋ ಅನಿಸುತ್ತಿತ್ತು. ನಾನು ಕುರ್ಚಿಯಿಂದ ಇಳಿದಾಗ ಅಕ್ಕ, "ಸದ್ಯ, ನಿಂದು ಚೆನ್ನಾಗಿದೆಯಲ್ಲೇ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ವಸಡಿನ ಕೆಳಗಿನ ಗಾರೆಯಂಥ ಕೊಳೆಯನ್ನು ಎರಡು ಸಲ ಕರೆಸಿ ತೆಗೆದರು. ಒಂದು ತಿಂಗಳು ಬಿಟ್ಟು ಮತ್ತೆ ಅಳತೆ ನೋಡುವುದು, ಆ ಹಲ್ಲು ಉಳಿಯುತ್ತದೋ ಇಲ್ಲವೋ ಆಗ ಹೇಳುವುದು ಎಂದಾಯಿತು.

ಹೊಸ ಬ್ರಷ್ಷಿನಿಂದ ಅಕ್ಕ ಮೊದಲ ಸಲ ಒಳಗೆಲ್ಲ ಉಜ್ಜಿದ ಬೆಳಿಗ್ಗೆ ನೊರೆ ಪೂರ್ತಿ ಕೆಂಪಾಯಿತು. ನೀರಿನ ಚೊಂಬು ಹಿಡಿದು ಪಕ್ಕದಲ್ಲಿದ್ದ ಅಮ್ಮನ ಇನ್ನೊಂದು ಕೈ ತಡೆಯಲು ಅರ್ಧ ಮುಂದೆ ಬಂತು. ಅದನ್ನು ಹಿಂದಕ್ಕೆ ಎಳೆದುಕೊಂಡು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದಳು.

"ಉಜ್ಜು" ಎಂದಳು. "ಉಜ್ಜಮ್ಮ."

ಎರಡು ವಾರ ಕಳೆಯುವಷ್ಟರಲ್ಲಿ ಕೆಂಪು ತಿಳಿಯಾಗಿ, ಆಮೇಲೆ ನಿಂತುಹೋಯಿತು. ತಿಂಗಳ ನಂತರದ ಅಳತೆಯಲ್ಲಿ ಐದುಗಳು ಮೂರು, ನಾಲ್ಕಕ್ಕೆ ಬಂದಿದ್ದವು. ಕೆಳಗಿನ ಹಲ್ಲಿನ ಆರು ಮಾತ್ರ ಐದಾಗಿತ್ತು. ಕರಗಿದ ಮೂಳೆ ಮತ್ತೆ ಬರುವುದಿಲ್ಲ, ಹಲ್ಲು ಸ್ವಲ್ಪ ಅಲ್ಲಾಡುತ್ತಲೇ ಇರುತ್ತದೆ, ಹೀಗೇ ಉಜ್ಜುತ್ತ ಆಗಾಗ ತೋರಿಸುತ್ತಿದ್ದರೆ ಉಳಿಯುತ್ತದೆ, ಮುಂದಿನ ಹಲ್ಲಲ್ಲಿ ಗಟ್ಟಿಯಾದದ್ದನ್ನು ಕಚ್ಚಬಾರದು ಎಂದರು.

ಬಸ್ ಸ್ಟಾಂಡಿನಲ್ಲಿ ಅಮ್ಮ ಸೀಬೆಹಣ್ಣು ಕೊಂಡಳು. ನನ್ನ ಕೈಗೆ ಒಂದನ್ನು ಕೊಟ್ಟು, ಇನ್ನೊಂದನ್ನು ಹೋಳು ಮಾಡಿಸಲು ಮಾರುವವಳಿಗೆ ನೀಡಿದಳು. ಅಕ್ಕ ಅದನ್ನು ನಡುವೆಯೇ ಇಸಿದುಕೊಂಡಳು.

"ಪಕ್ಕದ ಹಲ್ಲಲ್ಲಿ ಕಚ್ತೀನಿ ಬಿಡಮ್ಮ."

ಅಮ್ಮ ಅವಳ ಬಾಯನ್ನೇ ನೋಡಿದಳು. ನಾನು ನನ್ನ ಹಣ್ಣನ್ನು ಕಚ್ಚದೆ ಹಿಡಿದು ನಿಂತಿದ್ದೆ. ಅಕ್ಕ ತಲೆಯನ್ನು ಒಂದು ಕಡೆ ವಾಲಿಸಿ ಕಚ್ಚಿದಳು, ಅಗಿದಳು. ಆಮೇಲೆ ಹಣ್ಣಿನಲ್ಲಿ ಹಲ್ಲು ಇಳಿದ ಜಾಗವನ್ನು ಅಮ್ಮನ ಕಡೆ ತಿರುಗಿಸಿ ತೋರಿಸಿದಳು. ಅಲ್ಲಿ ಕೆಂಪಿರಲಿಲ್ಲ.