ಕ್ರೇನಿನ ಕೇಬಲ್ ಎಷ್ಟು ವರ್ಷ ಬಾಳುತ್ತದೆ?

ಗೆಳೆಯರೆ, ಹೊನ್ನಾವರದ ನಮ್ಮ ಐಸ್ ಪ್ಲಾಂಟಿಗೆ ಇವತ್ತು ಹುಬ್ಬಳ್ಳಿಯಿಂದ ಕೇಬಲ್ ಕಂಪನಿಯವರೊಬ್ಬರು ಬಂದಿದ್ದರು. ಐಸ್ ಡಬ್ಬಿಗಳನ್ನು ಎತ್ತಿ ಸಾಗಿಸುವ ಕ್ರೇನಿನ ಮೋಟರಿಗೆ ಹಾಕಿದ ಕೇಬಲ್ ವರ್ಷ ತುಂಬುವ ಮೊದಲೇ ಒಳಗೊಳಗೇ ತುಂಡಾಗಿತ್ತು. ಕ್ರೇನ್ ನಿಂತರೆ ಮೀನು ಹಿಡಿಯುವ ಬೋಟಿನವರು ಬೇರೆ ಕಡೆ ಐಸ್ ತುಂಬಿಸಿಕೊಳ್ಳುತ್ತಾರೆ, ಮತ್ತೆ ನಮ್ಮತ್ತ ಬರುವುದಿಲ್ಲ.

ಅವರು ಸಣ್ಣ ಎಳೆಗಳ, ಸುಲಭವಾಗಿ ಬಾಗುವ, ಉಪ್ಪುನೀರು ತಾಳುವ ಕೇಬಲ್ ತೋರಿಸಿದರು. "ಎಷ್ಟು ವರ್ಷ ಬರುತ್ತದೆ?" ಎಂದೆ.

"ವರ್ಷದ ಲೆಕ್ಕ ಅಲ್ರೀ ಮೇಡಂ, ಎಷ್ಟು ಸಲ ಬಾಗತೈತಿ ಅನ್ನೋದರ ಮ್ಯಾಲೆ. ಕ್ರೇನ್ ಎಷ್ಟ್ ಓಡತೈತಿ?"

"ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ. ಆಗ ಕೇಬಲ್‌ಗೆ ಪೂರ್ತಿ ವಿಶ್ರಾಂತಿ" ಎಂದೆ. ಅವರು ಸಂತೋಷದಿಂದ ಆಯುಷ್ಯ ಹೆಚ್ಚಿಸಿ ಬರೆದುಕೊಳ್ಳತೊಡಗಿದರು.

ನಮ್ಮ ಮಿಸ್ತ್ರಿ ಮಾದೇವ ನಡುವೆ ಬಾಯಿ ಹಾಕಿದ. "ಎಂತ ವಿಶ್ರಾಂತಿ ಅಮ್ಮಾ? ಮಳೆಗಾಲ್ದಲ್ಲಿ ಬಟ್ಟೆ ಒಣಗ್ಸೂದು ಅದ್ರಲ್ಲೇ ಅಲ್ದಾ?"

ಕ್ರೇನಿನ ಕೊಕ್ಕೆಗಳಿಗೆ ಕೆಲಸದವರೆಲ್ಲರ ಲುಂಗಿ, ಟವೆಲ್ ಸಿಕ್ಕಿಸಿ, ಅದನ್ನು ಆ ಗೋಡೆಯಿಂದ ಈ ಗೋಡೆಗೆ ಓಡಿಸುತ್ತಾರಂತೆ. "ಹಗ್ಗಕ್ಕೆ ಹಾಕಿದ್ರೆ ವಾರ ಆದ್ರೂ ಒಣಗೂದಿಲ್ಲ. ಇದ್ರಲ್ಲಿ ಲಾಯ್ಕ ಗಾಳಿ ಸಿಗ್ತದೆ. ನಿಮ್ಮ ಮನೆ ಚಾದರನೂ ಹಾಂಗೇ ಒಣಗ್ಸಿ ಕೊಡೂದು."

ಹುಬ್ಬಳ್ಳಿಯವರು ಪೆನ್ನು ಜೇಬಿಗಿಟ್ಟರು. "ಇದಕ್ಕ ನಮ್ಮ ಹತ್ರ ಲೆಕ್ಕ ಇಲ್ರೀ" ಎಂದರು.

ಈ ಮಳೆಗಾಲದಲ್ಲಿ ನಮ್ಮ ಚಾದರಗಳಿಗೆ ಮುಗ್ಗಲು ವಾಸನೆಯೇ ಇಲ್ಲವೆಂದು ನಾನು ಎಲ್ಲರೆದುರು ಹೊಗಳಿದ್ದೆ. ಕೇಬಲ್ ಆರಿಸಿ ಆಯಿತು. ಮುಂದಿನ ಮಳೆಗಾಲಕ್ಕೆ ಚಾದರ ಎಲ್ಲಿ ಒಣಗಿಸುವುದೆಂದು ಇನ್ನೂ ತೀರ್ಮಾನಿಸಿಲ್ಲ.