ಹಸಿದ ಕೌದಿ

ನಾನು ಶಾಲೆ ಬಿಟ್ಟದ್ದು ೧೯೮೮ರಲ್ಲಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಎಂಟನೆಯ ಇಯತ್ತೆಗೆ ಹೆಸರು ಹಚ್ಚಬೇಕಾಗಿದ್ದ ವರ್ಷ. ಕೇಳಿದವರಿಗೆಲ್ಲ ಬಿಟ್ಟೆ ಎಂದೇ ಹೇಳುತ್ತ ಬಂದಿದ್ದೇನೆ; ನಿಜ ಹೇಳಬೇಕೆಂದರೆ ಕತ್ತರಿಸಿದರು. ಆ ಕತ್ತರಿಯ ಸಪ್ಪಳ ಇಷ್ಟು ವರ್ಷವೂ ಕಿವಿಯಲ್ಲಿ ಇತ್ತು, ವಾಸನೆ ಮಾತ್ರ ಮರೆತುಹೋಗಿತ್ತು. ಹೋದ ಶ್ರಾವಣದಲ್ಲಿ ನನ್ನ ಹೊಲಿಗೆಯ ಖೋಲಿಯಲ್ಲಿ ಒಂದು ಹಳೆಯ ಕೌದಿಯ ಮೂಲೆ ಬಿಚ್ಚಿದಾಗ ಅದೂ ಬಂತು. ಒಲೆಯ ಹೊಗೆ, ಔಡಲೆಣ್ಣೆ, ಭತ್ತದ ಹೊಟ್ಟಿನ ಧೂಳು, ವರ್ಷಕ್ಕೊಮ್ಮೆ ಕೆರೆಯ ನೀರು ಕುಡಿದು ಮೆತ್ತಗಾದ ಅರಳೆಯ ನೂಲು, ಇಷ್ಟೂ ಸೇರಿದ ಒಂದೇ ವಾಸನೆ. ಚಿಕ್ಕಂದಿನಲ್ಲಿ ಮಳೆಗಾಲದ ಮುಂಜಾನೆ ಎದ್ದೇಳಲು ಮನಸ್ಸಿಲ್ಲದೆ ಇಂಥದೊಂದು ಕೌದಿಯೊಳಗೆ ನೀವೂ ಮುಖ ಹುದುಗಿಸಿದ್ದರೆ, ಯಾವ ವಾಸನೆಯ ಮಾತು ಆಡುತ್ತಿದ್ದೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಿಗ್ಗಾಂವಿಯಲ್ಲಿ ಹೈವೇ ಬದಿಗೆ ನನ್ನ ಅಂಗಡಿ. ವಾರದ ಆರು ದಿನ ಲಾರಿಗಳಿಗೆ, ಟ್ರ್ಯಾಕ್ಟರುಗಳಿಗೆ ಸೀಟ್ ಕವರ್ ಹೊಲಿಯುತ್ತೇನೆ. ನಾನು ಹಾಕಿದ ಹೊಲಿಗೆ ಸೀಟು ಸವೆದರೂ ಬಿಚ್ಚುವುದಿಲ್ಲ. ಇದು ನನ್ನ ಮಾತಲ್ಲ, ಡ್ರೈವರುಗಳ ಮಾತು. ಏಳನೆಯ ದಿನ ಮನೆಯ ಹಿಂದಿನ ತಗಡಿನ ಖೋಲಿಯಲ್ಲಿ ಕುಳಿತು ಕೌದಿ ಹೊಲಿಯುತ್ತೇನೆ. ಅದು ಹೊಟ್ಟೆಪಾಡಿಗಲ್ಲ, ಹುಚ್ಚಿಗೆ. ಅವ್ವ ತೀರಿಕೊಂಡ ವರ್ಷ ಆಕೆಯ ಸೀರೆಗಳನ್ನು ಯಾರಿಗೂ ಕೊಡಲು ಮನಸ್ಸಾಗದೆ ಮೊದಲನೆಯದು ಹೊಲಿದೆ, ಆಮೇಲೆ ನಿಲ್ಲಿಸಲಾಗಲಿಲ್ಲ. ‘ಏನ್ ಮಾಮಾ, ಬಾಣಂತಿ ಅದೀರೇನು, ಕುಂತು ಕೌದಿ ಹಾಕಾಕತ್ತೀರಿ?’ ಎಂದು ಡ್ರೈವರು ಹುಡುಗರು ನಗುತ್ತಾರೆ. ನಗಲಿ. ಆ ಖೋಲಿಯಲ್ಲಿ ನಾನು ಕಂಡುಕೊಂಡದ್ದು ಅವರಿಗೇನು ಗೊತ್ತು? ನಾಲ್ಕು ಪದರ ದಾಟುವಾಗ ಸೂಜಿ ಜಾರಿದರೆ ಸೈಕಲ್ ಟ್ಯೂಬಿನ ತುಂಡಿನಿಂದ ಹಿಡಿದು ಎಳೆಯಬೇಕು. ಇಳಕಲ್ ಸೀರೆಯ ಸೆರಗನ್ನು ಒಂದು ರಾತ್ರಿ ಗಂಜಿಯಲ್ಲಿ ನೆನೆಸಿದರೆ ಅದು ಮಾತು ಕೇಳುತ್ತದೆ. ಒಮ್ಮೆ ಜಂಬಕ್ಕೆ ಬಿದ್ದು ರೆಕ್ಸಿನ್ ಅಂಚು ಹಚ್ಚಿದೆ, ಮಗ್ಗಲು ಬದಲಿಸಿದಾಗಲೆಲ್ಲ ಹಪ್ಪಳ ಮುರಿದ ಸದ್ದು; ನನ್ನ ಹೆಂಡತಿ ಅದನ್ನು ಹೊರಗೆ ಒಗೆದಳು. ಎಲ್ಲಕ್ಕಿಂತ ದೊಡ್ಡದಾಗಿ ಕಂಡುಕೊಂಡದ್ದೆಂದರೆ, ಕೌದಿಯನ್ನು ಯಾರೂ ಬಿಸಾಕುವುದಿಲ್ಲ. ಹರಿದ ಮೇಲೆ ಮತ್ತೊಂದು ಪದರ ಹೊದಿಸುತ್ತಾರೆ. ಬಿಚ್ಚುತ್ತ ಹೋದರೆ ಮೇಲೆ ನೈಲಾನು, ಅದರ ಕೆಳಗೆ ಟೆರಿಲಿನ್, ಅದರ ಕೆಳಗೆ ಕೈಮಗ್ಗದ ಖಣ. ಒಂದು ಮನೆತನ ಒಂದರ ಮೇಲೊಂದು ಮಲಗಿರುತ್ತದೆ.

ನಮ್ಮ ಮನೆತನ ಮಲಗಿದ್ದದ್ದು ಅಕ್ಕಿಆಲೂರಿನಿಂದ ಎರಡು ಹರದಾರಿ ದೂರದ ಒಂದು ಹಳ್ಳಿಯಲ್ಲಿ. ಉದ್ದನೆಯ ಪಡಸಾಲೆ, ಅದರ ತುದಿಗೆ ಭತ್ತದ ಕಣಜ, ಬಾಗಿಲ ಬಳಿ ಬೀಸುವ ಕಲ್ಲು. ಸುಗ್ಗಿಯಲ್ಲಿ ಗಿರಣಿಯಿಂದ ಬಂದ ಅಕ್ಕಿಯ ಮೂಟೆಗೆ ಕೈ ಹಾಕಿದರೆ ಒಳಗೆ ಇನ್ನೂ ಬೆಚ್ಚಗಿರುತ್ತಿತ್ತು. ದೊಡ್ಡಪ್ಪ ಮಾತಿನ ಮನುಷ್ಯನಲ್ಲ. ಆ ಮನೆ ನಡೆಯುತ್ತಿದ್ದದ್ದು ದೊಡ್ಡವ್ವನ ಕಣ್ಣಳತೆಯ ಮೇಲೆ. ಎತ್ತರದ ಹೆಂಗಸು. ಕುಂಕುಮದ ಕೆಳಗೆ ಹುಬ್ಬು ಗಂಟಿಕ್ಕಿಯೇ ಇರುತ್ತಿತ್ತು. ಹತ್ತು ಮಂದಿಗೆ ರೊಟ್ಟಿ ಬಡಿದರೂ ಎಣಿಕೆ ತಪ್ಪಿದವಳಲ್ಲ. ಅಪ್ಪ ಬದುಕಿರುವ ತನಕ ನನ್ನ ಪಾಲಿನ ರೊಟ್ಟಿಗೆ ಬೆಣ್ಣೆ ಇತ್ತು, ಅದನ್ನೂ ಹೇಳಬೇಕು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಜ್ವರದಲ್ಲಿ ಹೋದ. ಬೆಣ್ಣೆ ನಿಂತಿತು. ನನ್ನ ಅವ್ವ ಬಸವ್ವ ಆ ಮನೆಯಲ್ಲಿ ಸೊಸೆಯಾಗಿದ್ದವಳು ಕೈಯಾಳಾದಳು.

ಅವ್ವನ ಕೈಗೆ ಸುತ್ತಲ ಊರುಗಳಲ್ಲೆಲ್ಲ ಹೆಸರಿತ್ತು. ಕೌದಿಯ ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ಕೊನೆಯ ದಿನದವರೆಗೂ ತೆರೆದೇ ಇಡುತ್ತಿದ್ದಳು. ಮುಗಿಸುವ ದಿನ ಒಂದು ಚೂರು ರೊಟ್ಟಿ, ಒಂದು ಚಿವುಟು ಭತ್ತ ಆ ಮೂಲೆಯೊಳಗಿಟ್ಟು ಹೊಲಿದುಬಿಡಬೇಕು. ನಮ್ಮ ಕಡೆ ಅದಕ್ಕೆ ಕೌದಿಗೆ ಉಣಿಸುವುದು ಅನ್ನುತ್ತಾರೆ. ಕೌದಿಯ ಹೊಟ್ಟೆ ಖಾಲಿ ಉಳಿದರೆ ಹೊದ್ದವರ ಹೊಟ್ಟೆಯೂ ಖಾಲಿ ಎಂಬ ನಂಬಿಕೆ. ರೊಟ್ಟಿ ಪುಡಿಯಾಗಿ ಹೋದರೂ ಸಿಪ್ಪೆಯ ಭತ್ತ ಉಳಿಯುತ್ತದೆ. ಹೊಸ ಕೌದಿ ಕೈಗೆ ಬಂದವರು ಮೊದಲು ನಾಲ್ಕನೆಯ ಮೂಲೆಯನ್ನು ಹಿಚುಕಿ ನೋಡುತ್ತಾರೆ.

ಆ ವರ್ಷ ದೊಡ್ಡವ್ವನ ಮಗಳು ಗಿರಿಜಕ್ಕನನ್ನು ಹಿರೇಕೆರೂರಿಗೆ ಕೊಡುವುದಾಯಿತು. ಮದುವೆಯ ಕೌದಿ ಅವ್ವನ ಪಾಲಿಗೆ ಬಂತು. ಒಳಪದರಕ್ಕೆ ಅವ್ವ ಅಪ್ಪನ ಎರಡು ಧೋತರ ಹಾಕಿದಳು, ಅವು ಮೆತ್ತಗಿದ್ದವು. ಮೇಲೆ ಅಜ್ಜಿಯ ಖಣ, ಹಳದಿ ಪಾವಡ, ಕೆಂಪು ಸೆರಗು. ಅದೇ ವಾರ ನಾನು ಅಕ್ಕಿಆಲೂರಿನ ಹೈಸ್ಕೂಲಿಗೆ ಹೋಗಬೇಕಾಗಿತ್ತು. ಅವ್ವ ಊರವರ ಕೌದಿ ಹೊಲಿದು ಗಳಿಸಿದ್ದರಲ್ಲಿ ನನಗೆ ಎರಡು ನೀಲಿ ಅಂಗಿ ಮಾಡಿಸಿದ್ದಳು. ಒಂದನ್ನು ಒಂದೇ ಸಲ ಹಾಕಿಕೊಂಡಿದ್ದೆ, ಪೆನ್ನು ಸಿಕ್ಕಿಸಿ ಮೆರೆಯಲು ಹೋಗಿ ಕಿಸೆಗೆ ಮಸಿ ಸೋರಿತ್ತು. ನಾನು ಹಿತ್ತಲಿಂದ ಒಳಗೆ ಬಂದಾಗ ದೊಡ್ಡವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಆ ಎರಡೂ ಅಂಗಿಗಳನ್ನು ಮೂರು ಮೂಲೆಯ ತುಂಡುಗಳಾಗಿ ಕತ್ತರಿಸುತ್ತಿದ್ದಳು. ಅವಸರವಿಲ್ಲ, ಸಿಟ್ಟಿಲ್ಲ, ಬದನೆಕಾಯಿ ಹೆಚ್ಚುವವರ ಹಾಗೆ. ನನ್ನನ್ನು ನೋಡಿ, ‘ನೀಲಿ ಬಣ್ಣ ಒಂದ ಕಮ್ಮಿ ಬಿದ್ದಿತ್ತು, ಸಿಕ್ತು ನೋಡು,’ ಅಂದಳು. ಹೈಸ್ಕೂಲು ಅಂತ ನಾನು ತೊದಲಿದೆ. ‘ಯಾಕ, ಮುಲ್ಕಿ ಪಾಸಾದ ಎತ್ತು ನೇಗಲಾ ಹೂಡಂಗಿಲ್ಲೇನು?’ ಅಂದಳು. ಪಡಸಾಲೆಯಲ್ಲಿದ್ದ ಇಬ್ಬರು ಆಳುಗಳು ನಕ್ಕರು. ಅವ್ವ ತುಂಡುಗಳನ್ನು ಮಡಿಲಿಗೆ ಹಾಕಿಕೊಂಡು ಮಧ್ಯಾಹ್ನದಿಂದಲೇ ಹೊಲಿಯತೊಡಗಿದಳು. ತನ್ನ ಮಗನ ಅಂಗಿಯನ್ನು ತಾನೇ, ಒಂದೊಂದು ಹೊಲಿಗೆಯೂ ಜೋಳದ ಕಾಳಿನಷ್ಟೇ, ಎಲ್ಲೂ ಓರೆಯಾಗದ ಹಾಗೆ.

ಮೂರು ದಿನ ಆಕೆಯ ಕೂಡ ಮಾತು ಬಿಟ್ಟೆ. ನಾಲ್ಕನೆಯ ದಿನ ಪಕ್ಕದಲ್ಲಿ ಕುಳಿತು, ‘ಅವ್ವಾ, ಇದಕ್ಕ ಉಣಸಬ್ಯಾಡ,’ ಅಂದೆ. ಆಕೆ ದಾರ ಕಡಿಯುತ್ತ ನನ್ನನ್ನೇ ನೋಡಿದಳು. ಮರುದಿನ ನನ್ನನ್ನು ಗದ್ದೆಗೆ ಅಟ್ಟಿದರು. ಬಂದು ನೋಡಿದರೆ ನಾಲ್ಕನೆಯ ಮೂಲೆ ಮುಚ್ಚಿತ್ತು, ಕೌದಿ ಬೀಗರ ಬಂಡಿ ಹತ್ತಿತ್ತು. ಉಣಿಸಿದೆಯಾ ಎಂದು ಕೇಳಿದ್ದಕ್ಕೆ, ‘ನೀ ಬ್ಯಾಡ ಅಂದಿದ್ದ್ಯಲ್ಲಾ,’ ಅಂದಳು ಅಷ್ಟೇ. ನನ್ನ ಎದೆಯಲ್ಲಿ ಏನೋ ತಣ್ಣಗಾಯಿತು. ನನ್ನನ್ನು ಶಾಲೆಯಿಂದ ಬಿಡಿಸಿದವಳ ಮಗಳ ಮನೆಗೆ ನಾವಿಬ್ಬರೂ ಸೇರಿ ಒಂದು ಹಸಿದ ಕೌದಿ ಕಳಿಸಿದ್ದೆವು.

ಸುಗ್ಗಿ ಮುಗಿದ ಮೇಲೆ ನಾವು ಸವಣೂರಿಗೆ ಬಂದೆವು. ಅಲ್ಲಿ ಒಬ್ಬ ಚಾಚಾನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವುದರಿಂದ ಶುರುಮಾಡಿ ಮಷೀನಿನವರೆಗೆ ಕಲಿತೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಆದರೆ ಸಂತೆಯಲ್ಲಿ ಹಿರೇಕೆರೂರಿನ ಕಡೆಯವರು ಸಿಕ್ಕರೆ ಸಾಕು, ಗಿರಿಜಕ್ಕನ ಮನೆಯವರು ಹೇಗಿದ್ದಾರೆ ಎಂದು ಕೇಳುತ್ತಿದ್ದೆ. ಅವರು ಅದನ್ನು ಪ್ರೀತಿ ಅಂದುಕೊಳ್ಳುತ್ತಿದ್ದರು. ‘ಚಲೋ ಅದಾರ’ ಅನ್ನುತ್ತಿದ್ದರು. ಗಂಡು ಹುಟ್ಟಿತು, ಚಲೋ ಅದಾರ. ಟ್ರ್ಯಾಕ್ಟರ್ ತಂದರು, ಚಲೋ ಅದಾರ. ಗೋವಿನಜೋಳ ಮನೆಯಲ್ಲಿ ಹಿಡಿಸದಷ್ಟು ಬಂತು, ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡವ್ವನೂ ಮಗಳ ಮನೆ ಸೇರಿ ದುಂಡಗಾದಳು, ಚಲೋ ಅದಾರ. ಕೇಳಿ ಕೇಳಿ ನನ್ನ ಹಲ್ಲು ಕಡಿಯುತ್ತಿತ್ತು. ಅವ್ವನ ಮುಂದೆ ಹೇಳಿದರೆ ಆಕೆ ಸೂಜಿಗೆ ದಾರ ಪೋಣಿಸುತ್ತ ಇರಲಿ ಬಿಡು ಅನ್ನುತ್ತಿದ್ದಳು. ಏನನ್ನೂ ಹೇಳದೆ ತೀರಿಕೊಂಡಳು.

ಹೋದ ಶ್ರಾವಣದಲ್ಲಿ ಗಿರಿಜಕ್ಕ ಹಿರೇಕೆರೂರಿನಿಂದ ಬಸ್ಸು ಬದಲಿಸಿ ಬದಲಿಸಿ ನನ್ನ ಬಾಗಿಲಿಗೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಗಲಲ್ಲಿ ಆ ಕೌದಿ. ಮೇಲೆ ಅವಳೇ ಹೊದಿಸಿದ ನೈಲಾನು ಪದರ ಅಂಚಿನಲ್ಲಿ ಹರಿದು, ಒಳಗಿನ ನೀಲಿ ತುಂಡುಗಳು ಕಾಣುತ್ತಿದ್ದವು. ನೀರು ಕುಡಿದು ಹೇಳಿದಳು: ‘ನಮ್ಮವ್ವ ಎಂಟು ದಿನಾ ಆತು ತಮ್ಮಾ, ತುತ್ತು ಮುಟ್ಟವಲ್ಲಳು. ಕೌದಿ ಹಸದೈತಿ, ಅದಕ್ಕ ನನಗೂ ಕೂಳು ಇಳಿವಲ್ದು ಅಂತಾಳ. ಬಸವ್ವನ ಮಗನ ಕಡೇನ ಉಣಿಸ್ಕೊಂಡು ಬಾ, ಬ್ಯಾರೇರು ಬ್ಯಾಡ ಅಂತ ಹಟಾ ಹಿಡದಾಳ.’

ಮುಖ ಗಂಭೀರ ಮಾಡಿಕೊಂಡು ಕೌದಿ ಇಸಿದುಕೊಂಡೆ. ಒಳಗೆ ನಾನು ಕುಣಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ತಡವಾದರೂ ಅವ್ವನ ಕೈಕೆಲಸ ಹಣ್ಣಾಗಿತ್ತು. ಮುಂದಿನ ವಾರ ಬಾ ಎಂದು ಅವಳನ್ನು ಕಳಿಸಿ, ಆ ರವಿವಾರ ಖೋಲಿಯ ಬೆಳಕಿಂಡಿಯ ಕೆಳಗೆ ಕೌದಿ ಹರವಿದೆ. ನನ್ನ ಹೆಂಡತಿ ಒಂದು ತಾಟಿನಲ್ಲಿ ಚೂರು ರೊಟ್ಟಿ, ಚಿವುಟು ಭತ್ತ ತಂದಿಟ್ಟು ಹೋದಳು. ಖಾಲಿ ಮೂಲೆಯನ್ನು ಕಣ್ಣಾರೆ ನೋಡುವ ಆಸೆಯಿಂದ ಹೊಲಿಗೆ ಬಿಚ್ಚಿದೆ. ಮೊದಲು ವಾಸನೆ ಬಂತು. ಆಮೇಲೆ ಬೆರಳಿಗೆ ಗಟ್ಟಿಯಾದದ್ದು ಏನೋ ತಗುಲಿತು.

ಅದು ನನ್ನ ಅಂಗಿಯ ಕಿಸೆ. ಮೂರು ಮೂಲೆಯಾಗಿ ಕತ್ತರಿಸದೆ ಉಳಿದಿದ್ದ ಇಡೀ ಕಿಸೆ. ಮಸಿಯ ಕಲೆ ಹಾಗೇ ಇತ್ತು, ನೀಲಿಯ ಮೇಲೆ ಕರಿನೀಲಿ. ಬಾಯಿಯನ್ನು ಅವ್ವ ಎರಡೆರಡು ಸಲ ಹೊಲಿದಿದ್ದಳು. ಬಿಚ್ಚಿ ಅಂಗೈಯಲ್ಲಿ ಸುರಿದೆ. ಭತ್ತ, ಒಂದು ಚಿವುಟಲ್ಲ, ಒಂದು ಮುಷ್ಟಿ ತುಂಬಿದ್ದಿರಬೇಕು. ಹೆಚ್ಚಿನವು ಪುಡಿಯಾಗಿದ್ದವು, ಕೆಲವಷ್ಟೇ ಇಡಿಯಾಗಿ ಉಳಿದಿದ್ದವು. ಆ ಮನೆ ಯಾಕೆ ಅಷ್ಟು ಚಲೋ ಇತ್ತೆಂದು ಆಗ ತಿಳಿಯಿತು. ಬೇರೆಯವರ ಕೌದಿಗೆ ಚಿವುಟು ಇಡುತ್ತಿದ್ದವಳು ಅವರದಕ್ಕೆ ಮುಷ್ಟಿ ಇಟ್ಟಿದ್ದಳು, ಅದೂ ನನ್ನ ಕಿಸೆಯಲ್ಲಿ. ಹೊತ್ತು ಇಳಿಯುವವರೆಗೂ ಆ ಸತ್ತವಳ ಮೇಲೆ ಸಿಟ್ಟು ಮಾಡಿಕೊಂಡು ಕುಳಿತಿದ್ದೆ. ಆಮೇಲೆ ಇಡಿಯಾದ ಕಾಳುಗಳನ್ನು ಕಿಸೆಗೆ ಮರಳಿ ಹಾಕಿ ಪೆಟ್ಟಿಗೆಯಲ್ಲಿಟ್ಟೆ. ತಾಟಿನ ರೊಟ್ಟಿಯನ್ನು ನಾನೇ ತಿಂದೆ, ಅಗಿದು ಅಗಿದು ತಿಂದೆ. ಮೂಲೆಯನ್ನು ಖಾಲಿ ಮುಚ್ಚಿ ಅವ್ವನ ಹೊಲಿಗೆಗಿಂತ ಸಣ್ಣ ಹೊಲಿಗೆ ಹಾಕಿದೆ.

ಗಿರಿಜಕ್ಕ ಬಂದವಳೇ ಮೂಲೆ ಹಿಚುಕಿದಳು. ಮತ್ತೊಮ್ಮೆ ಹಿಚುಕಿದಳು.

‘ಖಾಲಿ ಐತಲ್ಲ ತಮ್ಮಾ.’

‘ಹೂಂ.’ ಪೆಟ್ಟಿಗೆಯಿಂದ ಕಿಸೆ ತೆಗೆದು ತೋರಿಸಿದೆ. ‘ಇದು ನನ್ನ ಅಂಗೀದು. ನಾ ಇಟ್ಕೊಂಡೆ.’

ಅವಳು ಮಸಿಯ ಕಲೆಯ ಮೇಲೆ ಬೆರಳಾಡಿಸಿದಳು. ಮದುವೆಯಾದ ದಿನದಿಂದ ಈ ಮೂಲೆ ಹಿಡಿದುಕೊಂಡೇ ಮಲಗುತ್ತಿದ್ದಳಂತೆ, ತುಂಬಿದೆಯೆಂದು ಹೇಳಿದರೂ ದೊಡ್ಡವ್ವ ನಂಬಲಿಲ್ಲವಂತೆ, ಒಳಗಿರುವುದು ಕಿಸೆಯೆಂದು ಮಾತ್ರ ಗೊತ್ತಿರಲಿಲ್ಲವಂತೆ. ಜಗಳ ಮಾಡಲಿಲ್ಲ. ಕೌದಿ ಮಡಚಿ ಬಗಲಿಗಿಟ್ಟುಕೊಂಡು, ‘ಅವ್ವಗ ಏನಂತ ಹೇಳ್ಲಿ?’ ಎಂದು ಕೇಳಿದಳು.

‘ಹೇಳು, ನೀಲಿ ಬಣ್ಣ ಒಂದ ಕಮ್ಮಿ ಬಿದ್ದೈತಂತ.’

ಅಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಅದು. ಗಿರಿಜಕ್ಕ ಹಾಗೆಯೇ ಹೇಳಿದಳಂತೆ. ದೊಡ್ಡವ್ವ ಕೇಳಿ, ಅದನ್ನೇ ಮೈಮೇಲೆ ಹೊಚ್ಚು ಅಂದಳಂತೆ. ಅದಾದ ಮೂರನೆಯ ದಿನ ಹೋದಳು. ಕೊನೆಯವರೆಗೂ ಆ ಮೂಲೆ ಬೆರಳಲ್ಲೇ ಇತ್ತಂತೆ.

ಮಣ್ಣಿಗೆ ನಾನು ಹೋಗಿದ್ದೆ. ಹೋಗದಿದ್ದರೆ ಹೆದರಿದ ಅನ್ನುತ್ತಿದ್ದರು. ಮುಗಿಸಿ ಬಂದ ಮೇಲೆ ಸತ್ತವರ ಹಾಸಿಗೆ ಸುಡಲು ಹಿತ್ತಲಾಚೆ ಬೆಂಕಿ ಮಾಡಿದರು. ಗಿರಿಜಕ್ಕ ಕೌದಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಬಳಿ ಬಂದಳು. ‘ಒಯ್ಯೋದಿದ್ರ ಒಯ್ಯಿ. ಕಾಕಾನ ಧೋತ್ರಾ ಇದರಾಗ ಅದಾವ,’ ಅಂದಳು. ಅಪ್ಪನ ಧೋತರ. ಒಂದು ವಾರ ಆ ಕೌದಿ ನನ್ನ ಮೊಣಕಾಲ ಮೇಲಿತ್ತು, ನನಗೆ ಅದು ನೆನಪೇ ಆಗಿರಲಿಲ್ಲ. ನಾನು ಮೂಲೆಯನ್ನಷ್ಟೇ ನೋಡಿದ್ದೆ. ಕೊಡು ಎಂಬ ಮಾತು ಗಂಟಲಿಗೆ ಬಂತು. ಸುತ್ತ ಮಂದಿ ನಿಂತಿದ್ದರು. ಆ ಮನೆಯಿಂದ ಏನನ್ನೂ ಕೇಳಿ ಪಡೆದವನಲ್ಲ ನಾನು. ‘ಸತ್ತವರ ಹಾಸಿಗಿ ನಮ್ಮನಿಗೆ ಬ್ಯಾಡ,’ ಅಂದೆ. ನೈಲಾನು ಮೊದಲು ಭಗ್ಗೆಂದು ಹತ್ತಿ ಕರಗಿತು. ಅಜ್ಜಿಯ ಖಣ, ಹಳದಿ ಪಾವಡ, ನನ್ನ ನೀಲಿ ಒಂದೊಂದಾಗಿ ಹೋದವು. ಧೋತರ ಮಾತ್ರ ಬೇಗ ಹತ್ತಲಿಲ್ಲ. ಅಂಚಿನಲ್ಲಿ ಕೆಂಪಗೆ ನಿಧಾನವಾಗಿ ಸರಿಯುತ್ತ, ಬಿಳಿಯಾಗಿಯೇ ಬಹಳ ಹೊತ್ತು ಇತ್ತು. ನಾನು ಕೊನೆಯವರೆಗೂ ನಿಂತು ನೋಡಿದೆ. ಆ ವಾಸನೆ ಇನ್ನೊಮ್ಮೆ, ಕೊನೆಯ ಸಲ ಬಂದು, ಬಯಲ ಕಡೆಗೆ ಹೋಯಿತು.

ಈಗ ನನ್ನ ಹತ್ತಿರ ಮೂರು ಖೋಲಿಯ ಮನೆ ಇದೆ. ಒಂದು ಅಂಗಡಿ, ಎರಡು ಮಷೀನು. ಅವ್ವನ ಸೂಜಿ ಎರಡು. ಹೊಲಿದು ಮುಗಿಸಿದ ಕೌದಿ ಮೂವತ್ತೊಂದು, ಅರ್ಧಕ್ಕೆ ನಿಂತದ್ದು ಒಂದು. ಒಂದು ಕಿಸೆ. ಅದರಲ್ಲಿ ಭತ್ತದ ಕಾಳು ಹತ್ತೊಂಬತ್ತು; ಬರೀ ಸಿಪ್ಪೆ, ಒಂದರೊಳಗೂ ಅಕ್ಕಿ ಇಲ್ಲ.